ಅಕ್ಷರದ ಹೊಟ್ಟೆ ಸೀಳಬೇಡಿ

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮ ಹಿಂಡಿ ಅಂಗಡಿ ಇದೆ. ಚೀಲದ ಮೇಲೆ ಹೊಡೆಯಲು ಸ್ಟೆನ್ಸಿಲ್ ಅಕ್ಷರ, ಅಂದರೆ ತಗಡಿನಲ್ಲಿ ಕತ್ತರಿಸಿ ಮೇಲಿಂದ ಬಣ್ಣ ಹಚ್ಚುವ ಅಕ್ಷರ, ಬೇಕಿತ್ತು. ಒಂದು ದುಂಡನೆಯ ಫಾಂಟ್ ತಗೊಂಡು, ಒಳಗಿನ ತಗಡು ಕಳಚಿ ಬೀಳದಿರಲಿ ಅಂತ ಇಂಗ್ಲಿಷಿನವರ ಹಾಗೆ ಎಲ್ಲ ಅಕ್ಷರಕ್ಕೂ ನಡುವೆ ಮೇಲಿಂದ ಕೆಳಗೆ ಸೀಳು ಬಿಟ್ಟೆ. ಏನೋ ವಿಚಿತ್ರ ಕಾಣುತ್ತೆ ಸರ್. ಎಲ್ಲಿ ತಪ್ಪಿದೆ?

ಎಲ್ಲರೂ ಇದನ್ನೇ ಮಾಡ್ತೀರಿ, ಆಮೇಲೆ ಇದನ್ನೇ ಕೇಳ್ತೀರಿ. ನೀವು ಕಳಿಸಿದ ಫೋಟೋದಲ್ಲಿ 'ದನದ ಹಿಂಡಿ' ಅಂತ ಇರಬೇಕಿತ್ತು. ನಾನು ಓದಿದ್ದು 'ಧನಧ ಹಿಂಢಿ'. ಇಂಗ್ಲಿಷಿನ 'ಓ'ವನ್ನು ಮೇಲೆ ಕೆಳಗೆ ಸೀಳಿದರೂ ಅದು 'ಓ'ನೇ. ನಮ್ಮಲ್ಲಿ ಅಕ್ಷರದ ಕೆಳಗಿನ ನಡು ಖಾಲಿ ಜಾಗ ಅಲ್ಲ, ಅದು ಮಹಾಪ್ರಾಣದ ಮನೆ. ದ-ಧ, ಡ-ಢ, ಬ-ಭ, ಪ-ಫ, ಇವುಗಳ ಜಗಳವೆಲ್ಲ ಅಲ್ಲೇ. ಗೋಣಿಚೀಲದ ಒರಟು ನೇಯ್ಗೆ ಮೇಲೆ ಬಣ್ಣ ಹರಡಿ, ಚೀಲ ಲಾರಿ ಹತ್ತಿದ ಮೇಲೆ, ಅದು ಸೀಳೋ ಗೀಟೋ ಯಾರಿಗೆ ಗೊತ್ತಾಗುತ್ತೆ?

ಇನ್ನೊಂದು ವಿಷಯ. ತಯಾರಾದ ಅಕ್ಷರ ತಂದು ಸೀಳುವುದೇ ತಪ್ಪು ದಾರಿ. ಜರ್ಮನಿಯ ಬೌಹೌಸ್ ಅನ್ನೋ ವಿನ್ಯಾಸ ಶಾಲೆಯ ಯೋಸೆಫ್ ಆಲ್ಬರ್ಸ್ 1925-26ರ ಹೊತ್ತಿಗೆ ಸ್ಟೆನ್ಸಿಲ್ ಅಕ್ಷರ ಮಾಡಿದಾಗ ಏನನ್ನೂ ಸೀಳಲಿಲ್ಲ. ಚೌಕ, ಅದರ ಅರ್ಧದ ತ್ರಿಕೋನ, ಕಾಲು ವೃತ್ತ, ಈ ಮೂರೇ ತುಂಡು ಜೋಡಿಸಿದರು. ತುಂಡಿಗೂ ತುಂಡಿಗೂ ನಡುವೆ ಉಳಿದ ಸಂದೇ ತಗಡನ್ನು ಹಿಡಿದಿಡುವ ಕೊಂಡಿ. ಕನ್ನಡದಲ್ಲಂತೂ ತುಂಡುಗಳು ಮೊದಲೇ ಇವೆ ಅಲ್ವಾ? ತಲೆಕಟ್ಟು, ಒಡಲು, ಕೊಂಬು, ಒತ್ತು. ಕೊಂಡಿ ಬಿಡಬೇಕಾದ್ದು ಇವು ಕೂಡುವ ಕಡೆ.

'ರ' ತಗೊಳ್ಳಿ. ಹಾಗೇ ಕತ್ತರಿಸಿದರೆ ಒಳಗಿನ ಬಿಲ್ಲೆ ಕಳಚಿ ಬೀಳುತ್ತೆ. ತಲೆಕಟ್ಟಿಗೂ ದುಂಡಿಗೂ ನಡುವೆ ಅಡ್ಡಡ್ಡ ಒಂದು ಪಟ್ಟಿ ತಗಡು ಉಳಿಸಿ, ದುಂಡನ್ನು ನೆತ್ತಿಯಲ್ಲೇ ಸ್ವಲ್ಪ ಬಿಡಿಸಿ. ಒಳಗಿನ ಬಿಲ್ಲೆ ಆ ಬಾಯಿಯಿಂದ ಪಟ್ಟಿಗೆ ಅಂಟಿಕೊಳ್ಳುತ್ತೆ, ಪಟ್ಟಿ ಎರಡೂ ಪಕ್ಕಕ್ಕೆ ಹೊರಗಿನ ತಗಡಿಗೆ ಸೇರುತ್ತೆ. ಕೆಳಗೆ ಕೈ ಹಚ್ಚೋದೇ ಬೇಡ. 'ಠ'ಗೂ ಇದೇ ಲೆಕ್ಕ, ಆದರೆ ನಡುವಿನ ಚುಕ್ಕೆ ಕತ್ತರಿಸಿದಾಗ ಬಿಲ್ಲೆ ಸಪೂರ ಆಗುತ್ತೆ, ಅದಕ್ಕೆ ಕೊಂಡಿ ಅಗಲ ಇರಲಿ. 'ಹಿಂ'ನ ಸೊನ್ನೆಗೆ ತಲೆ ಕೆಡಿಸಿಕೊಳ್ಳಬೇಡಿ, ತುಂಬಿದ ಬೊಟ್ಟು ಮಾಡಿಬಿಡಿ.

5 ಸೆಂ.ಮೀ. ಎತ್ತರದ ಅಕ್ಷರಕ್ಕೆ ನಾನು 3 ಮಿ.ಮೀ.ಗಿಂತ ಸಣ್ಣ ಕೊಂಡಿ ಬಿಡಲ್ಲ. ನಾಜೂಕಾಗಿ ಕಾಣಲಿ ಅಂತ ಒಂದೂವರೆ ಬಿಟ್ಟು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ನಲವತ್ತನೇ ಚೀಲಕ್ಕೆ ಒತ್ತಕ್ಷರ ಪೂರ್ತಿ ಮುರಿದು ಹಮಾಲರ ಕೈಯಲ್ಲಿತ್ತು. ಒಂದೇ ಕ್ಲಿಕ್ಕಿನಲ್ಲಿ ಯಾವ ಭಾಷೆಗಾದರೂ ಸ್ಟೆನ್ಸಿಲ್ ಮಾಡಿಕೊಡ್ತೀವಿ ಅಂತ ದುಡ್ಡು ಕೀಳುವವರು ಮಾಡೋದೂ ಅದೇ ನಡುಸೀಳು. ಕೊಡಬೇಡಿ.

ಪ್ರಶ್ನೆ: ತಗಡಿನ ಅಡಿಗೆ ಬಣ್ಣ ನುಗ್ಗುತ್ತೆ. (ರಾಯಚೂರು)

ಬಣ್ಣ ನೀರು ಮಾಡಿಕೊಂಡಿದ್ದೀರಿ. ಬ್ರಷ್ ಒರೆಸಿ, ಕುಟ್ಟಿ ಹಚ್ಚಿ, ಎಳೆಯಬೇಡಿ.

ಪ್ರಶ್ನೆ: ಬೋರ್ಡಿನಲ್ಲಿ ಅಕ್ಷರ ತುಂಡಾಗಿದ್ದರೆ ವ್ಯಾಪಾರ ತುಂಡಾಗುತ್ತೆ ಅಂತ ವಾಸ್ತು ಹೇಳುವವರು ಅಂದರು. (ಬಳ್ಳಾರಿ)

ಅವರ ಫೀಸು ತುಂಡು ಮಾಡಿ.

ಪ್ರಶ್ನೆ: ಮದುವೆ ಪತ್ರಿಕೆಗೆ ಈ ಅಕ್ಷರ ಒಪ್ಪುತ್ತಾ? (ಕೊಪ್ಪಳ)

ವಧು-ವರರ ಹೆಸರು ಅಕ್ಕಿಮೂಟೆ ಮೇಲಿನ ಮಾರ್ಕಿನ ಹಾಗೆ ಕಂಡರೆ ಪರವಾಗಿಲ್ಲ ಅನ್ನೋದಾದರೆ, ಧಾರಾಳವಾಗಿ.