ಎಚ್ ಪರೀಕ್ಷೆ: ಎಡಗಡೆಯ ಕಂಬಕ್ಕೆ ತಾಗದಿರಲು

ಕಾರಿನ ಲೈಸೆನ್ಸಿಗಾಗಿ ಎಚ್ ಅಕ್ಷರದ ಆಕಾರದಲ್ಲಿ ನೆಟ್ಟ ಕಂಬಗಳ ನಡುವೆ ಓಡಿಸುವ ಎಚ್ ಪರೀಕ್ಷೆಯ ಅಭ್ಯಾಸದಲ್ಲಿ, ಹಿಂದಕ್ಕೆ ಬರುವಾಗ ಪ್ರತಿಸಲವೂ ಎಡಗಡೆಯ ಕಂಬಕ್ಕೆ ಕಾರು ತಾಗುತ್ತದೆ, ಪರೀಕ್ಷೆಗೆ ಇನ್ನು ಒಂದೇ ವಾರ ಎಂದು ಬರೆದಿದ್ದೀರಿ. ಕೇರಳದ ಕುಂಬಳೆಯಲ್ಲಿ ಕಲಿಯುವಾಗ ನನಗೂ ಇದೇ ಕಷ್ಟವಿತ್ತು. ಸ್ಟಿಯರಿಂಗನ್ನು ಬೇಗ ತಿರುಗಿಸಿದರೆ ಹಾಗಾಗುತ್ತದೆ. ಹಿಂದಿನ ಚಕ್ರ ಕಂಬದ ನೇರಕ್ಕೆ ಬರುವವರೆಗೆ ತಾಳಿ, ಆಮೇಲೆ ಎಡಕ್ಕೆ ತಿರುಗಿಸಿ. ಆಗ ಕಾರಿನ ಮೂತಿ ಬಲಕ್ಕೆ ಹೊರಳುತ್ತದೆ, ಆ ಕಡೆಗೂ ಕಣ್ಣಿರಲಿ. ಆಕ್ಸಿಲರೇಟರ್ ಬೇಡವೇ ಬೇಡ. ಕ್ಲಚ್ಚನ್ನು ಅರ್ಧ ಬಿಟ್ಟು ಆಮೆಯಂತೆ ಬನ್ನಿ.

ಮನೆಯಂಗಳದಲ್ಲಿ ಅಡಕೆ ಮರದ ನಾಲ್ಕು ಕೋಲು ನೆಟ್ಟು ದಿನವೂ ಅಭ್ಯಾಸ ಮಾಡಿ. ರಸ್ತೆಯ ಪರೀಕ್ಷೆಯಲ್ಲಿ ಮಲಯಾಳದಲ್ಲಿ ಹೇಳುವಾಗ ‘ಇಡತ್ತೋಟ್ಟು’ ಎಂದರೆ ಎಡಕ್ಕೆ, ‘ವಲತ್ತೋಟ್ಟು’ ಎಂದರೆ ಬಲಕ್ಕೆ ಎಂಬುದು ನೆನಪಿರಲಿ. ಗಾಬರಿಯಲ್ಲಿ ಬಲ್ಲ ಮಲಯಾಳವೂ ಮರೆಯುತ್ತದೆ. ಒಂದು ವೇಳೆ ತಪ್ಪಿದರೂ ಏಳು ದಿನಗಳ ನಂತರ ಮತ್ತೆ ಅವಕಾಶವಿದೆ, ಹೆದರಬೇಡಿ.