ಕಾರ್ ಬ್ಯಾಟರಿಗೆ ಚಾರ್ಜರ್ ಉಲ್ಟಾ ಕೊಟ್ಟುಬಿಟ್ಟೆ, ಇಸಿಯು ಹೋಗಿರುತ್ತಾ?

ಬೇಸ್‌ಮೆಂಟಿನಲ್ಲಿ ಮೂರು ವಾರ ನಿಂತ ಕಾರು, ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್. ಆತುರದಲ್ಲಿ ಚಾರ್ಜರಿನ ಕೆಂಪು ಕ್ಲಿಪ್ ಮೈನಸ್ಸಿಗೆ, ಕಪ್ಪು ಕ್ಲಿಪ್ ಪ್ಲಸ್ಸಿಗೆ ಬಿತ್ತು, ಕಿಡಿ ಹಾರಿತು, ಚಾರ್ಜರ್ ಸತ್ತಿತು. ನೀವು ಬರೆದಿರುವುದು ಇಷ್ಟು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟಿರುತ್ತಾ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಇಲ್ಲ, ಹೋಗಿರುವುದು ಚಾರ್ಜರ್ ಮಾತ್ರ. ಆದರೂ ಅಳೆದು ನೋಡುವ ತನಕ ಕೀ ತಿರುಗಿಸಬೇಡಿ, ಪಕ್ಕದ ಫ್ಲ್ಯಾಟಿನವರ ಕಾರಿನಿಂದ ಜಂಪ್ ಕೊಡಿಸಿಕೊಳ್ಳಲೂ ಬೇಡಿ.

ಉಲ್ಟಾ ಆಗಿದ್ದು ಚಾರ್ಜರಿನ ಕ್ಲಿಪ್, ಬ್ಯಾಟರಿಯಲ್ಲ. ಕಾರಿನ ವೈರಿಂಗಿಗೆ ಆಗಲೂ ಬ್ಯಾಟರಿಯ ಪ್ಲಸ್ ಪ್ಲಸ್ಸಾಗಿಯೇ ಕಂಡಿದೆ. ಟಿಕ್ ಟಿಕ್ ಅಂದಿದೆ ಅಂದರೆ ಬ್ಯಾಟರಿಯಲ್ಲಿ ಒಂದಿಷ್ಟು ಜೀವವೂ ಇತ್ತು. ಆದರೆ ಹಳೇ ಮಾದರಿಯ ಟ್ರಾನ್ಸ್‌ಫಾರ್ಮರ್ ಚಾರ್ಜರಿನಲ್ಲಿ ಎಸಿ ಕರೆಂಟನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಡ್ಜ್ ಇರುತ್ತದೆ (ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ). ಸರಿಯಾಗಿ ಕೊಟ್ಟಾಗ ಆ ಡಯೋಡುಗಳು ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುತ್ತವೆ. ಉಲ್ಟಾ ಕೊಟ್ಟರೆ ಅವೇ ದಾರಿ ಬಿಡುತ್ತವೆ. ಸೆಲ್ಫ್ ಎತ್ತಲು ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ 5 ಆಂಪಿಯರಿನ ಚಾರ್ಜರಿನೊಳಗೆ ನುಗ್ಗುತ್ತದೆ, ತಡೆಯಲು ವೈರಿನ ರೆಸಿಸ್ಟೆನ್ಸ್ ಬಿಟ್ಟರೆ ಏನೂ ಇಲ್ಲ. ಅದೃಷ್ಟವಿದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಫ್ಯೂಸ್ ಕರಗುವ ಮೊದಲೇ ಡಯೋಡ್ ಶಾರ್ಟ್. ಸ್ಮಾರ್ಟ್ ಚಾರ್ಜರುಗಳು ಸರಿಯಾದ ವೋಲ್ಟೇಜ್ ಕಾಣದೆ ಔಟ್‌ಪುಟ್ ಆನ್ ಮಾಡುವುದಿಲ್ಲ, ಕೆಂಪು ದೀಪ ಹತ್ತಿಸಿ ಸುಮ್ಮನಾಗುತ್ತವೆ.

ನಿಜವಾದ ಅಪಾಯ ಪೂರ್ತಿ ಬತ್ತಿಹೋದ ಬ್ಯಾಟರಿಯಲ್ಲಿ. ಒಂದೆರಡು ವೋಲ್ಟ್ ಮಾತ್ರ ಉಳಿದಿದ್ದರೆ ಚಾರ್ಜರ್ ಅದನ್ನು ಸೊನ್ನೆಗೆ ಇಳಿಸಿ, ಅಲ್ಲಿಂದ ಉಲ್ಟಾ ತುಂಬತೊಡಗುತ್ತದೆ. ಕೇಬಲ್ಲುಗಳು ಕಾರಿಗೆ ಜೋಡಿಸಿಯೇ ಇದ್ದರೆ ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಜನರೇಟರ್) ಡಯೋಡುಗಳು ಸಣ್ಣ ಚಾರ್ಜರಿನ ಕರೆಂಟನ್ನು ತಾವೇ ಹೊತ್ತು, ಉಲ್ಟಾ ವೋಲ್ಟೇಜನ್ನು ಸುಮಾರು ಒಂದೂವರೆ ವೋಲ್ಟಿನಲ್ಲೇ ಹಿಡಿದಿಡುತ್ತವೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದು ಚಾರ್ಜಿಗಿಟ್ಟವರಿಗೆ ಆ ರಕ್ಷಣೆ ಇಲ್ಲ. ರಾತ್ರಿಯಿಡೀ ಬಿಟ್ಟರೆ ಪ್ಲಸ್ ಅಂತ ಬರೆದ ಕಡೆ ಮೈನಸ್ ಬಂದಿರುತ್ತದೆ. ಅದನ್ನು ಬೆಳಿಗ್ಗೆ ಗುರುತು ನೋಡಿಕೊಂಡು ‘ಸರಿಯಾಗಿ’ ಕಾರಿಗೆ ಕೂರಿಸಿದ ಕ್ಷಣ ಮೇನ್ ಫ್ಯೂಸ್, ಆಲ್ಟರ್ನೇಟರ್, ಕೆಲವೊಮ್ಮೆ ಇಸಿಯು, ಎಲ್ಲಕ್ಕೂ ಪೆಟ್ಟು.

ಈಗ ಮಾಡಬೇಕಾದ್ದು. ಮೊದಲು ಗೋಡೆಯ ಸ್ವಿಚ್ ಆಫ್, ಪ್ಲಗ್ ಹೊರಗೆ, ಆಮೇಲೆ ಕ್ಲಿಪ್ ತೆಗೆಯಿರಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೂ ಒಂದು ಕಿಡಿ ಸಾಕು. ಗಾಳಿ ಆಡದ ಬೇಸ್‌ಮೆಂಟಿನಲ್ಲಿ ಬಾನೆಟ್ ತೆರೆದಿಟ್ಟು ಹತ್ತು ನಿಮಿಷ ಬಿಡಿ. ಬ್ಯಾಟರಿಯ ಹೊಟ್ಟೆ ಉಬ್ಬಿದೆಯಾ, ಬಿರುಕು ಇದೆಯಾ, ಆಸಿಡ್ ಜಿನುಗಿದೆಯಾ ನೋಡಿ. ಇದ್ದರೆ ಮುಂದಿನದ್ದೇನೂ ಬೇಡ, ಬ್ಯಾಟರಿ ಬದಲಾಯಿಸಿ. ಇಲ್ಲದಿದ್ದರೆ 10 ನಂಬರ್ ಸ್ಪ್ಯಾನರಿನಲ್ಲಿ ಮೈನಸ್ ಕೇಬಲ್ ಬಿಚ್ಚಿ ಪಕ್ಕಕ್ಕಿಡಿ.

ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಮುಳ್ಳು ಪ್ಲಸ್ ಪೋಸ್ಟಿಗೆ. ಧೂಳಿನಲ್ಲಿ ಗುರುತು ಕಾಣದಿದ್ದರೆ ದಪ್ಪ ಇರುವ ಪೋಸ್ಟೇ ಪ್ಲಸ್. 12.4ರ ಮೇಲೆ ಬಂದರೆ ಬ್ಯಾಟರಿಗೆ ಏನೂ ಆಗಿಲ್ಲ. 12ರ ಆಸುಪಾಸು ಅಥವಾ ಕಡಿಮೆ ಇದ್ದರೆ ಖಾಲಿಯಾಗಿದೆ, ಚಾರ್ಜ್ ಮಾಡಿ ನೋಡಬೇಕು. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5ರಲ್ಲೇ ನಿಂತರೆ ಆರು ಸೆಲ್ಲಿನಲ್ಲಿ ಒಂದು ಹೋಗಿದೆ. ಮೀಟರಿನಲ್ಲಿ ಮೈನಸ್ ಗುರುತು ಬಂದರೆ ಬ್ಯಾಟರಿ ಉಲ್ಟಾ ಆಗಿದೆ, ಯಾವ ಕಾರಣಕ್ಕೂ ಕಾರಿಗೆ ಜೋಡಿಸಬೇಡಿ. 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಅಡ್ಡ ಕಟ್ಟಿ ಸೊನ್ನೆಗೆ ಇಳಿಸಿ, ಒಂದೆರಡು ಆಂಪಿಯರಿನಲ್ಲಿ ಸರಿ ದಿಕ್ಕಿಗೆ ನಿಧಾನ ತುಂಬಬಹುದು. ಇದನ್ನು ಸ್ಮಾರ್ಟ್ ಚಾರ್ಜರ್ ಒಪ್ಪುವುದಿಲ್ಲ, ಬ್ಯಾಟರಿ ಅಂಗಡಿಯವರೇ ಮಾಡಬೇಕು. ಆದರೆ ಮೈನಸ್ ಪ್ಲೇಟನ್ನು ಸ್ಪಂಜಿನಂತೆ ಇಡುವ ಪದಾರ್ಥ ಉಲ್ಟಾ ಚಾರ್ಜಿನಲ್ಲಿ ಹಾಳಾಗುತ್ತದೆ, ಕೆಪಾಸಿಟಿ ಮೊದಲಿನಂತೆ ಬರುವುದಿಲ್ಲ. ನಾನಾದರೆ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತರುತ್ತೇನೆ. ತರುವಾಗ ನಂಬರಿನ ಕೊನೆಯ ಅಕ್ಷರ ನೋಡಿ: 38ಬಿ20ಎಲ್ ಮತ್ತು 38ಬಿ20ಆರ್‌ಗಳಲ್ಲಿ ಪ್ಲಸ್–ಮೈನಸ್ ಪೋಸ್ಟುಗಳ ಜಾಗ ಅದಲುಬದಲು. ತಪ್ಪಿದ್ದು ತಂದರೆ ಕೇಬಲ್ ಎಟುಕುವುದಿಲ್ಲ, ಎಳೆದು ಹಾಕುವ ಆಸೆ ಹುಟ್ಟುತ್ತದೆ.

ಬ್ಯಾಟರಿ ಸರಿಯಿದ್ದರೆ ಫ್ಯೂಸಿಗೆ ಬನ್ನಿ. ಮೇನ್ ಫ್ಯೂಸ್ ಬಾನೆಟ್ಟಿನೊಳಗಿನ ಕಪ್ಪು ಡಬ್ಬಿಯಲ್ಲೋ, ಪ್ಲಸ್ ಕ್ಲಾಂಪಿನ ಮೇಲೆಯೋ ಇರುತ್ತದೆ. ಹೆಚ್ಚಿನವು ಬೋಲ್ಟ್ ಹಾಕಿ ಬಿಗಿದವು, ಕಿತ್ತರೆ ಬರುವುದಿಲ್ಲ. ಮೀಟರನ್ನು ಕಂಟಿನ್ಯೂಟಿಗೆ ತಿರುಗಿಸಿ ಫ್ಯೂಸಿನ ಎರಡು ತುದಿಗೆ ಮುಟ್ಟಿಸಿ, ಬೀಪ್ ಬಂದರೆ ಚೆನ್ನಾಗಿದೆ. ಹೋಗಿದ್ದರೆ ಅದರ ಮೇಲೆ ಬರೆದಿರುವ ಆಂಪಿಯರಿನದನ್ನೇ ಹಾಕಿ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯದನ್ನು ತೋರಿಸಿ ಕೇಳಿ. ತಂತಿ ಸುತ್ತಿ ಕೆಲಸ ಸಾಗಿಸುವ ಎಲೆಕ್ಟ್ರಿಷಿಯನ್ ಸಿಕ್ಕರೆ ದಯವಿಟ್ಟು ಬೇರೆಯವರನ್ನು ಹುಡುಕಿ.

ಬ್ಯಾಟರಿ ಚಾರ್ಜ್ ಆಗಿ, ಮೈನಸ್ ಕೇಬಲ್ ಮತ್ತೆ ಹಾಕಿದ ಮೇಲೆ ಆಲ್ಟರ್ನೇಟರ್ ನೋಡಿ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಹೊಸ ಕೆಲವು ಕಾರುಗಳಲ್ಲಿ ಇದು ಏರಿಳಿಯುವುದರಿಂದ ಹೆಡ್‌ಲೈಟ್, ಬ್ಲೋವರ್ ಹಾಕಿ ನೋಡಿ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿದಾಗ 0.1 ವೋಲ್ಟಿಗಿಂತ ಕಡಿಮೆ ಇದ್ದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿದರೆ ಆಲ್ಟರ್ನೇಟರಿನ ಡಯೋಡ್ ಅನುಮಾನ. ಎಂಜಿನ್ ನಿಂತು ಗಂಟೆಗಳಾದರೂ ಆಲ್ಟರ್ನೇಟರ್ ಬೆಚ್ಚಗಿದ್ದರೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಮತ್ತೆ ಇಳಿದರೆ, ಅನುಮಾನವೂ ಬೇಡ.

ಚಾರ್ಜರನ್ನು ಬಿಸಾಡಬೇಡಿ. ಪ್ಲಗ್ ಕಿತ್ತು, ಮುಚ್ಚಳ ತೆಗೆದು ಮೊದಲು ಫ್ಯೂಸ್ ನೋಡಿ. ಹಾಕಿದ ಫ್ಯೂಸ್ ಮತ್ತೆ ಹೋದರೆ ಬ್ರಿಡ್ಜ್ ಶಾರ್ಟ್. ಮೀಟರಿನ ಡಯೋಡ್ ಮೋಡಿನಲ್ಲಿ ಒಂದು ಕಡೆಗೆ 0.4ರಿಂದ 0.7, ಇನ್ನೊಂದು ಕಡೆಗೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಬಂದರೆ ಹೋಗಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೆಬಿಪಿಸಿ 3510 ಬ್ರಿಡ್ಜ್ ಅಂತ ಕೇಳಿ, 35 ಆಂಪಿಯರಿನದು, ಹೀಟ್‌ಸಿಂಕಿಗೆ ಪೇಸ್ಟ್ ಹಚ್ಚಿ ಕೂರಿಸಿ. ರಿಪೇರಿಯಾದ ಮೇಲೆ, ಬ್ಯಾಟರಿಗೆ ಮುಟ್ಟಿಸುವ ಮೊದಲು, ಕೆಂಪು ಕ್ಲಿಪ್ಪಿನಲ್ಲಿ ಪ್ಲಸ್ಸೇ ಬರುತ್ತಿದೆಯಾ ಅಂತ ಮೀಟರಿನಲ್ಲಿ ನೋಡಿಕೊಳ್ಳಿ. ಲೋಕಲ್ ಅಸೆಂಬ್ಲಿ ಚಾರ್ಜರುಗಳಲ್ಲಿ ಕ್ಲಿಪ್ ಬದಲಾಯಿಸಿದವರು ಬಣ್ಣ ನೋಡಿರುತ್ತಾರೆ ಅನ್ನೋ ಖಾತ್ರಿ ಇಲ್ಲ.

ಚಾರ್ಜ್ ಮಾಡುವಾಗ ಪ್ಲಸ್ ಮೊದಲು, ಆಮೇಲೆ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರದ, ಬಣ್ಣವಿಲ್ಲದ ಎಂಜಿನ್ ಲೋಹಕ್ಕೆ, ಸ್ವಿಚ್ ಕೊನೆಗೆ. ಅಳೆಯಲು ಬಿಚ್ಚಿದ ಮೈನಸ್ ಕೇಬಲ್ಲನ್ನು ಅದಕ್ಕೂ ಮೊದಲೇ ಹಾಕಿರಬೇಕು, ಇಲ್ಲದಿದ್ದರೆ ಚಾರ್ಜ್ ಹತ್ತುವುದಿಲ್ಲ. 35 ಆಂಪಿಯರ್ ಅವರ್ ಬ್ಯಾಟರಿಗೆ 3.5 ಆಂಪಿಯರಿನಲ್ಲಿ ಹತ್ತು ಹನ್ನೆರಡು ಗಂಟೆ ಬೇಕು, ವೋಲ್ಟೇಜ್ 14.4 ದಾಟದಂತೆ ನೋಡಿಕೊಳ್ಳಿ.