ಕೇಸು ಮುಗಿದಿದೆ, ಹುಡುಗನನ್ನು ಗೌಂಡಿ ಕೆಲಸಕ್ಕೆ ಹಚ್ಚಲೇ?

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಈಗ 17 ವರ್ಷ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ. ಹೋದ ವರ್ಷ ಗೆಳೆಯರ ಜೊತೆ ಬೈಕ್ ಕದ್ದು ಸಿಕ್ಕಿಬಿದ್ದ. ಬಾಲ ನ್ಯಾಯ ಮಂಡಳಿಯವರು ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿಟ್ಟು ಮನೆಗೆ ಕಳಿಸಿದ್ದರು, ಆ ಅವಧಿಯೂ ಮುಗಿಯಿತು. ಹುಬ್ಬಳ್ಳಿಯಲ್ಲಿ ಗೌಂಡಿಯಾಗಿರುವ ನಮ್ಮ ಬೀಗರು 'ನಾಳೆನ ಕಳಸ್ರಿ, ದಿನದ ಪಗಾರ ಕೊಡ್ತೀನಿ' ಅನ್ನುತ್ತಾರೆ. ಕಳಿಸಲೇ? ಕೇಸಿನ ವಿಷಯ ಅವರಿಗೆ ಹೇಳಬೇಕೇ? ಅದು ಮುಂದೆ ಕೆಲಸಕ್ಕೆ ಅಡ್ಡ ಬರುತ್ತದೆಯೇ?
— ಹೆಸರು ಬೇಡ, ಗದಗ

ಉತ್ತರ: ಮೊದಲು ಕೇಸಿನ ಭಯ ಬಿಡಿ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಇಂಥ ಪ್ರಕರಣದಿಂದ ಹುಡುಗನಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ. 16 ದಾಟಿದವರನ್ನು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆ ಮಾಡಿದಾಗ ಮಾತ್ರ ಮಾತು ಬೇರೆ. ಬೈಕ್ ಕಳವು ಅದರಲ್ಲಿ ಬರುವುದಿಲ್ಲ. ಮುಗಿದ ಕೇಸಿನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆ ಹಾಕುವಂತಿಲ್ಲ ಎಂದು 74ನೇ ಕಲಮು ಹೇಳುತ್ತದೆ.

ಇನ್ನು 'ನಾಳೆನ ಕಳಸ್ರಿ' ಅನ್ನುವ ಮಾತು. ದಯವಿಟ್ಟು ನಾಳೆಯೇ ಕಳಿಸಬೇಡಿ. ಅಪಾಯದ ಕೆಲಸಕ್ಕೆ 18 ತುಂಬದವರನ್ನು ಹಚ್ಚುವುದು ಅಪರಾಧ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡೂ 18 ತುಂಬಿದ ಮೇಲೆಯೇ, ಅದೂ ವರ್ಷದಲ್ಲಿ 90 ದಿನ ಕೆಲಸ ಮಾಡಿದವರಿಗೆ. ಆ ಕಾರ್ಡಿಲ್ಲದ ಹುಡುಗ ಸ್ಲಾಬಿನಿಂದ ಬಿದ್ದರೆ ಮಂಡಳಿಯ ನೆರವೂ ಸಿಗುವುದಿಲ್ಲ. ಅದಕ್ಕಿಂತ ನನಗೆ ಕಾಡುವುದು ಇನ್ನೊಂದು: ಹೆಲ್ಪರ್ ಅಂತ ಸೇರಿದ ಹುಡುಗ ನಾಲ್ಕು ವರ್ಷವಾದರೂ ಪುಟ್ಟಿ ಹೊರುತ್ತಲೇ ಇರುತ್ತಾನೆ. ವಾರದ ಬಟವಡೆಯ ಸಂಜೆ ಕೈಯಲ್ಲಿ ರೊಕ್ಕ, ಬಾಗಿಲಲ್ಲಿ ಹಳೆಯ ಗೆಳೆಯರು.

ಎಂಟನೇ ತರಗತಿ ಪಾಸಾದವರಿಗೂ ಐಟಿಐಯಲ್ಲಿ ವೆಲ್ಡರ್‌, ವೈರ್‌ಮನ್ ಟ್ರೇಡ್‌ಗಳಿವೆ. ವೆಲ್ಡರ್‌ಗೆ ಒಂದು ವರ್ಷ, ವೈರ್‌ಮನ್‌ಗೆ ಎರಡು. ಮುಗಿಸಿದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಾ ಕೆಲಸ ಕಲಿಯಬಹುದು. ಅಷ್ಟೊತ್ತಿಗೆ ಅವನಿಗೆ 18 ದಾಟಿರುತ್ತದೆ. ಗೌಂಡಿ ಕೆಲಸವೇ ಬೇಕೆಂದರೆ ಅದೂ ಒಳ್ಳೆಯ ಕಸುಬೇ. ಆಗ ಬೀಗರ ಹತ್ತಿರ ಒಂದೇ ಕರಾರು ಮಾಡಿಕೊಳ್ಳಿ: ಕೈಗೆ ಗಾರೆ ಹಚ್ಚುವ ಕರಣಿ ಕೊಡಬೇಕು, ಗೋಡೆಯ ಮೂಲೆ ಎತ್ತುವುದನ್ನು ಕಲಿಸಬೇಕು.

ಹೀಗೇಕೆ ಹೇಳುತ್ತೇನೆಂದರೆ, ನಾನು ಇಂಥ ಹುಡುಗರ ಜೊತೆ ಬಹಳ ವರ್ಷ ಕೆಲಸ ಮಾಡಿದ್ದೇನೆ. ಒಮ್ಮೆ ಒಬ್ಬ ಎತ್ತಿದ ಗೋಡೆಗೆ ಹಿರಿಯ ಗೌಂಡಿ ಗುಂಡು, ಅಂದರೆ ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ತೂಕ, ಇಳಿಬಿಟ್ಟು ನೋಡಿದರು. ಸರಿಯಿದ್ದ ಗೋಡೆಗೆ ಗುಂಡು ಮುಟ್ಟಿಯೂ ಮುಟ್ಟದಂತೆ ನಿಲ್ಲಬೇಕು. ಇಲ್ಲಿ ಬೆರಳಷ್ಟು ದೂರ ನಿಂತಿತ್ತು. ಅವರು ಬೈಯಲಿಲ್ಲ. 'ಮಾಲು ಇನ್ನೂ ಹಸಿ ಐತಿ, ನಾಕು ಸಾಲು ಬಿಚ್ಚು, ಇಟ್ಟಂಗಿ ತೊಳೆದಿಡು' ಅಂದರು. ಹುಡುಗ ಬಿಚ್ಚಿ ಮತ್ತೆ ಕಟ್ಟಿದ. ಸಂಜೆ ಯಾರೂ ಹೇಳದೆ ತಾನೇ ನಾಲ್ಕು ಸಲ ಗುಂಡು ಬಿಟ್ಟು ನೋಡುತ್ತಿದ್ದ.

ಬೀಗರಿಗೆ ಹೇಳಬೇಕೇ? ಕಾನೂನಿನ ಒತ್ತಾಯವಿಲ್ಲ. ಆದರೆ ಸೈಟಿನಲ್ಲಿ ವೈರು, ಸರಳಿನ ತುಂಡು ಕಾಣೆಯಾಗುವುದು ಇದ್ದದ್ದೇ, ವಿಷಯ ಹೇಗೋ ಹೊರಬಿದ್ದರೆ ಮೊದಲ ಬೆರಳು ಇವನ ಕಡೆಗೇ. ಹಾಗಾಗಿ ಕಲಿಸುವ ಒಬ್ಬರಿಗೆ ಮಾತ್ರ ಗೊತ್ತಿರಲಿ, ಅವನ ಪರ ನಿಲ್ಲುವವರು ಅವರೇ. ಆದರೆ ಅವನು ಒಪ್ಪಿದರೆ ಮಾತ್ರ. ಬೇಡ ಅಂದರೆ ನೀವೂ ಹೇಳಬೇಡಿ.

ಈ ವಾರ ಅವನ ಹಳೆಯ ಶಾಲೆಗೆ ಹೋಗಿ ಟಿಸಿ, ಎಂಟನೇ ತರಗತಿಯ ಅಂಕಪಟ್ಟಿ ತೆಗೆಸಿ. ಅವನನ್ನೂ ಕರೆದುಕೊಂಡು ಹೋಗಿ, ಅರ್ಜಿ ಅವನೇ ಬರೆಯಲಿ.